ಕೊಲ್ಲೇರು ಸರೋವರಕ್ಕಾಗಿ ಮೀನುಕೊಳದ ಜಮೀನು ಬಿಟ್ಟುಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಧ್ರಪ್ರದೇಶದ ಕೊಲ್ಲೇರು ಸರೋವರದಲ್ಲಿ ಮೀನು ಸಾಕುವ ರೈತರು ತಮ್ಮ ಕೊಳಗಳನ್ನು ಬಿಟ್ಟುಕೊಡಬೇಕೆಂಬ ಒತ್ತಾಯ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದು ಬಂದಿದೆ. ಇದರ ಬಗ್ಗೆ ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ, ಇಲ್ಲಿ ಒಟ್ಟುಗೂಡಿಸಲಾಗಿದೆ. ವಿಷಯಕ್ಕೆ ಹೊಸಬರಾದವರು ಮೊದಲಿನಿಂದ ಓದಬಹುದು. ಕಾನೂನು ಅಥವಾ ಪುನಶ್ಚೇತನದ ವಿವರ ಮಾತ್ರ ಬೇಕಾದವರು ನೇರವಾಗಿ ಆ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಕೊಲ್ಲೇರು ಎಲ್ಲಿದೆ? ಅದು ನಿಜಕ್ಕೂ ಸರೋವರವೇ, ಇಲ್ಲಾ ಬರೀ ಜೌಗು ನೆಲವೇ?

ಕೃಷ್ಣಾ ಮತ್ತು ಗೋದಾವರಿ ನದಿಗಳ ಮುಖಜಭೂಮಿಗಳ ನಡುವಿನ ತಗ್ಗಿನಲ್ಲಿ ಕೊಲ್ಲೇರು ಹರಡಿಕೊಂಡಿದೆ. ಏಲೂರು, ಕೈಕಲೂರು, ಆಕಿವೀಡು ಇದರ ಸುತ್ತಲಿನ ಪಟ್ಟಣಗಳು. ಬುಡಮೇರು, ತಮ್ಮಿಲೇರು, ರಾಮಿಲೇರು ಮೊದಲಾದ ಹಳ್ಳಗಳೂ ಗದ್ದೆ ಬಯಲಿನ ಹತ್ತಾರು ಬಸಿಗಾಲುವೆಗಳೂ ಇದಕ್ಕೆ ನೀರು ತರುತ್ತವೆ. ನೀರು ಹೊರಹೋಗಲು ಇರುವುದು ಉಪ್ಪುಟೇರು ಎಂಬ ಒಂದೇ ದಾರಿ; ಅದು ಸುಮಾರು 60 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಇದು ಆಳವಿಲ್ಲದ ಸಿಹಿನೀರಿನ ಸರೋವರ. ಮಳೆಗಾಲದಲ್ಲಿ ಹತ್ತಾರು ಹಳ್ಳಿಗಳ ಸುತ್ತ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಅಂಚಿನ ನೆಲ ಒಣಗಿ ಬಿರುಕು ಬಿಡುತ್ತದೆ. ಸರೋವರವೋ ಜೌಗು ನೆಲವೋ ಎಂಬ ಪ್ರಶ್ನೆಗೆ ಉತ್ತರ ಯಾವ ತಿಂಗಳಲ್ಲಿ ನೋಡುತ್ತೀರಿ ಎಂಬುದನ್ನು ಅವಲಂಬಿಸಿದೆ. ಹೀಗೆ ಹಿಗ್ಗಿ ಕುಗ್ಗುವುದೇ ಅದರ ಸಹಜ ಸ್ಥಿತಿಯಾದ್ದರಿಂದ ಗಡಿಯ ಜಗಳವೂ ಅಲ್ಲಿಂದಲೇ ಹುಟ್ಟಿದೆ. 2002ರ ಆಗಸ್ಟ್‌ನಲ್ಲಿ ಕೊಲ್ಲೇರನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಲಾಯಿತು. ಪಟ್ಟಿಯಲ್ಲಿ ಅದರ ವಿಸ್ತೀರ್ಣ 90,100 ಹೆಕ್ಟೇರ್.

ಸರೋವರದ ಒಳಗೆ ರೈತರಿಗೆ ಜಮೀನು ಬಂದದ್ದಾದರೂ ಹೇಗೆ? ಎಲ್ಲ ಒತ್ತುವರಿಯೇ ತಾನೆ?

ಎಲ್ಲವೂ ಒತ್ತುವರಿಯಲ್ಲ. ಈ ಒಂದು ಸಂಗತಿ ಸ್ಪಷ್ಟವಾಗದೆ ಉಳಿದ ಚರ್ಚೆ ಮುಂದೆ ಸಾಗುವುದಿಲ್ಲ.

ಕೊಲ್ಲೇರಿನ ಒಳಗೆ ದಿಬ್ಬಗಳ ಮೇಲೆ ತಲೆಮಾರುಗಳಿಂದ ಹಳ್ಳಿಗಳಿವೆ. ಒಳಗಿನ ದ್ವೀಪಗ್ರಾಮಗಳು 46, ಅಂಚಿನ ಗ್ರಾಮಗಳು 76 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನಲ್ಲಿ ಭತ್ತ ಬೆಳೆಯುತ್ತಿದ್ದವರಿಗೆ ಪಟ್ಟಾ ಇತ್ತು. ಅಂತಹ ಖಾಸಗಿ ಹಿಡುವಳಿಯನ್ನು ಅಲ್ಲಿ ಜಿರಾಯತಿ ಎನ್ನುತ್ತಾರೆ. ಅಭಯಾರಣ್ಯದ ಗಡಿಯೊಳಗೆ ಇಂಥ ಜಮೀನು ಸುಮಾರು 15 ಸಾವಿರ ಎಕರೆಯಷ್ಟಿದೆ. ಭೂಹೀನರಿಗೆ ಸರ್ಕಾರವೇ ಮಂಜೂರು ಮಾಡಿದ ಜಮೀನು ಎರಡನೆಯ ಬಗೆ. ಮೂರನೆಯ ಬಗೆಯದು 1970ರ ದಶಕದ್ದು. ಜಲಗಂ ವೆಂಗಳರಾವ್ ಮುಖ್ಯಮಂತ್ರಿಯಾಗಿದ್ದಾಗ ಮೀನುಗಾರ ಸಮುದಾಯದ ಹಾಗೂ ಪರಿಶಿಷ್ಟ ಜಾತಿಯ ಬಡ ಕುಟುಂಬಗಳ ಸಹಕಾರ ಸಂಘಗಳನ್ನು ರಚಿಸಿ, ಸರೋವರದ ನೆಲದಲ್ಲಿಯೇ ಮೀನುಕೊಳಗಳನ್ನು ತೋಡಿಸಿ ಕೊಡಲಾಯಿತು. ನಾಲ್ಕನೆಯದೇ ನಿಜವಾದ ಒತ್ತುವರಿ: ಲಾಭ ಕಂಡ ಹೊರಗಿನ ಹಣವಂತರು ಸರ್ಕಾರಿ ನೆಲಕ್ಕೆ ಏರಿ ಹಾಕಿಕೊಂಡದ್ದು.

ಈ ನಾಲ್ಕು ಬಗೆಯವರನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಜೆಸಿಬಿ ಕಳುಹಿಸುವುದು ಅನ್ಯಾಯ. ಬಡ ಸದಸ್ಯರ ಕಷ್ಟವನ್ನು ಮುಂದಿಟ್ಟುಕೊಂಡು ನಾಲ್ಕನೆಯವರು ರಕ್ಷಣೆ ಪಡೆಯುವುದೂ ಅಷ್ಟೇ ಅನ್ಯಾಯ.

ಮೀನುಕೊಳದಲ್ಲೂ ನೀರೇ ಇರುತ್ತದಲ್ಲ? ಅದರಿಂದ ಸರೋವರಕ್ಕೆ ಏನು ನಷ್ಟ?

ಕೊಳದ ನೀರಿಗಿಂತ ಕೊಳದ ಏರಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಸರೋವರದ ನೆಲದಿಂದಲೇ ಮಣ್ಣು ತೋಡಿ, ಸುತ್ತ ಆಳೆತ್ತರದ ಏರಿ ಕಟ್ಟಿ, ಅದರ ಮೇಲೆ ಲಾರಿ ಓಡಾಡುವಷ್ಟು ಅಗಲ ಬಿಟ್ಟಿರುತ್ತಾರೆ. ಹಳ್ಳದಿಂದ ಬಂದ ನೀರು ಹಾಸಿನಂತೆ ಹರಡುವ ಬದಲು ಎರಡು ಏರಿಗಳ ನಡುವಿನ ಸಂದಿಯಲ್ಲಿ ನುಸುಳಬೇಕಾಗುತ್ತದೆ. ವೇಗ ಕುಗ್ಗಿದ ನೀರು ಹೂಳನ್ನು ಅಲ್ಲಿಯೇ ಬಿಡುತ್ತದೆ, ಹೂಳಿನ ಮೇಲೆ ಅಂತರಗಂಗೆಯ ಕಳೆ ಹಬ್ಬುತ್ತದೆ, ಕಳೆ ಹಬ್ಬಿದ ಕಡೆ ನೀರು ಇನ್ನಷ್ಟು ನಿಲ್ಲುತ್ತದೆ.

ಕೊಳದ ಒಳಗಿನ ಕೆಲಸವನ್ನೂ ಹತ್ತಿರದಿಂದ ನೋಡಬೇಕು. ಕೊಲ್ಲೇರಿನ ಕೊಳಗಳಲ್ಲಿ ಹೆಚ್ಚಾಗಿ ಸಾಕುವುದು ರೋಹು, ಅದರ ಜೊತೆ ಸ್ವಲ್ಪ ಕಾಟ್ಲಾ. ಒಂದು ವರ್ಷ ಒತ್ತೊತ್ತಾಗಿ ಸಾಕಿ ಬೆಳವಣಿಗೆ ತಡೆಹಿಡಿದ ದೊಡ್ಡ ಮರಿಗಳನ್ನು ತಂದು ಬಿಡುತ್ತಾರೆ. ಕೊಳಕ್ಕೆ ಬಿದ್ದೊಡನೆ ಅವು ಭರದಿಂದ ಬೆಳೆಯುತ್ತವೆ. ಆಹಾರ ಹಾಕುವ ಕ್ರಮ ಆ ಪ್ರದೇಶದ್ದೇ ಆದ ಜಾಣತನ. ಎಣ್ಣೆ ತೆಗೆದ ಅಕ್ಕಿ ತೌಡನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲದ ತಳಭಾಗದಲ್ಲಿ ಸಾಲಾಗಿ ತೂತು ಕೊರೆದು, ನೀರಿನಲ್ಲಿ ನೆಟ್ಟ ಗಳಗಳಿಗೆ ದೋಣಿಯಲ್ಲಿ ಹೋಗಿ ಕಟ್ಟುತ್ತಾರೆ. ಮೀನುಗಳು ತೂತಿಗೆ ಬಾಯಿಟ್ಟು ತೌಡು ಎಳೆದುಕೊಳ್ಳುತ್ತವೆ, ಚೀಲಗಳು ನೀರಿನಲ್ಲಿ ಅಲುಗಾಡುತ್ತವೆ. ಹೊತ್ತು ಏರುವುದರೊಳಗೆ ಚೀಲ ಎಷ್ಟು ಖಾಲಿಯಾಗಿದೆ ಎಂಬುದನ್ನು ನೋಡಿ ಮೀನಿನ ಆರೋಗ್ಯವನ್ನು ಅಳೆಯುವ ಕೆಲಸಗಾರರಿದ್ದಾರೆ. ಆ ಪರಿಣತಿಯನ್ನು ಗೌರವಿಸಲೇಬೇಕು. ಆದರೆ ತೌಡಿನ ಜೊತೆ ರಾಸಾಯನಿಕ ಗೊಬ್ಬರ, ಕೋಳಿಗೊಬ್ಬರ ಮತ್ತು ರೋಗ ಬಂದಾಗ ಹಾಕುವ ಔಷಧಗಳೂ ಕೊಳಕ್ಕೆ ಇಳಿಯುತ್ತವೆ. ಮೀನು ಹಿಡಿದ ನಂತರ ಕೊಳ ಖಾಲಿ ಮಾಡಿದಾಗ ಆ ನೀರೆಲ್ಲ ಸರೋವರಕ್ಕೇ ಸೇರುತ್ತದೆ.

ಅಧ್ಯಯನಗಳ ಪ್ರಕಾರ 1967ರಲ್ಲಿ ಸರೋವರದೊಳಗೆ ಮೀನುಕೊಳಗಳೇ ಇರಲಿಲ್ಲ. 2001ರ ಹೊತ್ತಿಗೆ ಸುಮಾರು 103 ಚದರ ಕಿಲೋಮೀಟರ್ ಪ್ರದೇಶ ಕೊಳಗಳಾಗಿತ್ತು.

ನಾಲ್ಕು ಹಕ್ಕಿಗಳಿಗಾಗಿ ಸಾವಿರಾರು ಜನರ ಅನ್ನ ಕಿತ್ತುಕೊಳ್ಳುವುದು ಯಾವ ನ್ಯಾಯ?

ಹಕ್ಕಿಗಳ ಮಾತು ಬದಿಗಿಟ್ಟರೂ ಕೊಲ್ಲೇರು ಉಳಿಯಬೇಕಾದ ಕಾರಣಗಳಿವೆ. ಬುಡಮೇರು, ತಮ್ಮಿಲೇರುಗಳ ಪ್ರವಾಹವನ್ನು ಹಿಡಿದಿಟ್ಟು ನಿಧಾನವಾಗಿ ಸಮುದ್ರಕ್ಕೆ ಬಿಡುವ ಜಲಾಶಯ ಇದೊಂದೇ. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತದ್ದು ಎಲ್ಲರ ನೆನಪಿನಲ್ಲಿದೆ. ಅಲ್ಲಿ ಹಳ್ಳದ ಒಡ್ಡು ಒಡೆದದ್ದು ನೇರ ಕಾರಣವಾದರೂ ಅದೇ ನೀರು ಕೊನೆಗೆ ಬರಬೇಕಾದ ಜಾಗ ಕೊಲ್ಲೇರು. ಇಲ್ಲಿ ಏರಿಗಳು ಹೆಚ್ಚಿದಷ್ಟೂ ಮೇಲ್ಭಾಗದ ಗದ್ದೆಗಳಲ್ಲಿ ನೀರು ಹೆಚ್ಚು ದಿನ ನಿಂತು ಭತ್ತ ಕೊಳೆಯುತ್ತದೆ. ಆ ಭತ್ತವೂ ಒಬ್ಬ ರೈತನ ಅನ್ನವೇ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಕೊಳಗಳು ಬರುವ ಮೊದಲು ತೆರೆದ ನೀರಿನಲ್ಲಿ ದೋಣಿ, ಬಲೆ, ಬಿದಿರಿನ ಕೂಣಿಗಳಿಂದ ಮೀನು ಹಿಡಿಯುತ್ತಿದ್ದ ಕುಟುಂಬಗಳು ಏರಿ ಎದ್ದಾಗ ತಮ್ಮ ಜಾಗ ಕಳೆದುಕೊಂಡವು. ಅವರಿಗೆ ಯಾವ ಪಟ್ಟಾವೂ ಇರಲಿಲ್ಲ, ಯಾರೂ ಪರಿಹಾರ ಕೊಡಲಿಲ್ಲ.

ಹಕ್ಕಿಗಳೂ ನಾಲ್ಕಲ್ಲ. ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ ಗೂಡು ಕಟ್ಟುವ ದೇಶದ ಮುಖ್ಯ ತಾಣಗಳಲ್ಲಿ ಕೊಲ್ಲೇರು ಒಂದು. ಕೈಕಲೂರಿನ ಹತ್ತಿರದ ಆಟಪಾಕದಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮರಗಳ ಮೇಲಷ್ಟೇ ಅಲ್ಲದೆ ಅರಣ್ಯ ಇಲಾಖೆ ನೀರಿನಲ್ಲಿ ನಿಲ್ಲಿಸಿದ ಕಬ್ಬಿಣದ ಅಟ್ಟಣೆಗಳ ಮೇಲೂ ಗೂಡು ಕಟ್ಟುತ್ತವೆ. ಮರ ಉಳಿಯದ ಕಡೆ ಹಕ್ಕಿಗಳಿಗೆ ಕಬ್ಬಿಣ ನೆಟ್ಟು ಕೊಡಬೇಕಾಗಿ ಬಂದಿದೆ ಎಂಬುದು ಸಂಕಟದ ವಿಷಯ.

## ಗಡಿ, ಹಕ್ಕು, ಕಾನೂನು

ಪ್ಲಸ್ ಐದು, ಪ್ಲಸ್ ಮೂರು ಕಾಂಟೂರ್ ಎನ್ನುತ್ತಾರಲ್ಲ, ಏನದು?

ಸಮುದ್ರಮಟ್ಟದಿಂದ ಇಷ್ಟು ಅಡಿ ಎತ್ತರದಲ್ಲಿರುವ ನೆಲದ ಬಿಂದುಗಳನ್ನೆಲ್ಲ ಜೋಡಿಸಿ ಎಳೆದ ಗೆರೆ ಕಾಂಟೂರ್. 1999ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ಲಸ್ ಐದು ಅಡಿಯ ಗೆರೆಯವರೆಗಿನ 308 ಚದರ ಕಿಲೋಮೀಟರ್, ಅಂದರೆ ಸುಮಾರು 76 ಸಾವಿರ ಎಕರೆ ಪ್ರದೇಶವನ್ನು ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಿತು. ನೆಲ ಬಹುತೇಕ ಸಮತಟ್ಟಾಗಿರುವುದರಿಂದ ಎತ್ತರದಲ್ಲಿ ಎರಡು ಅಡಿ ಇಳಿಸಿದರೆ ವಿಸ್ತೀರ್ಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ: ಪ್ಲಸ್ ಮೂರರ ಗೆರೆಯೊಳಗೆ ಉಳಿಯುವುದು 135 ಚದರ ಕಿಲೋಮೀಟರ್ ಮಾತ್ರ. ಅದೇ ಪ್ಲಸ್ ಹತ್ತಕ್ಕೆ ಏರಿಸಿದರೆ 901 ಚದರ ಕಿಲೋಮೀಟರ್ ಆಗುತ್ತದೆ. ರಾಮ್ಸಾರ್ ಪಟ್ಟಿಯಲ್ಲಿರುವುದು ಈ ವಿಸ್ತೀರ್ಣ.

ಗಡಿಯನ್ನು ಪ್ಲಸ್ ಮೂರಕ್ಕೆ ಇಳಿಸಬೇಕೆಂದು 2008ರಲ್ಲಿ ರಾಜ್ಯ ವಿಧಾನಸಭೆ ನಿರ್ಣಯ ಮಾಡಿತು. ಅದನ್ನು ಪರಿಶೀಲಿಸಲು ಪರಿಸರ ವಿಜ್ಞಾನಿ ಪಿ.ಎ. ಅಜೀಜ್ ಅವರ ನೇತೃತ್ವದಲ್ಲಿ ರಚನೆಯಾದ ಸಮಿತಿ ಪ್ಲಸ್ ಐದರ ಗಡಿಯೇ ಉಳಿಯಬೇಕೆಂದು ಹೇಳಿತು. ನನ್ನ ದೃಷ್ಟಿಯಲ್ಲಿ ಸಮಿತಿಯ ನಿಲುವು ಸರಿ. ಜಮೀನಿನ ಹಕ್ಕಿನ ಸಮಸ್ಯೆಗೆ ಪರಿಹಾರ ಹಣದಲ್ಲಿ ಮತ್ತು ಬದಲಿ ಜೀವನೋಪಾಯದಲ್ಲಿ ಇದೆ. ನೀರು ನಿಲ್ಲುವ ನೆಲವನ್ನು ಕಾಗದದ ಮೇಲೆ ಸರೋವರದಿಂದ ಹೊರಗಿಟ್ಟ ಮಾತ್ರಕ್ಕೆ ಪ್ರವಾಹ ಅಲ್ಲಿಗೆ ಬರುವುದನ್ನು ನಿಲ್ಲಿಸುವುದಿಲ್ಲ.

2006ರಲ್ಲಿ ಕೊಳಗಳನ್ನೆಲ್ಲ ಒಡೆದು ಹಾಕಿದರಲ್ಲ, ಆಗ ನಡೆದದ್ದೇನು?

ಅಭಯಾರಣ್ಯದೊಳಗಿನ ಕೊಳಗಳನ್ನು ತೆರವು ಮಾಡಬೇಕೆಂದು 2001ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಹೇಳಿತ್ತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ, ಅದರ ಕೇಂದ್ರ ಉನ್ನತಾಧಿಕಾರ ಸಮಿತಿ ಸ್ಥಳ ಪರಿಶೀಲಿಸಿ, ಕೊನೆಗೆ 2006ರಲ್ಲಿ ನ್ಯಾಯಾಲಯದ ಆದೇಶದಂತೆ ವೈ.ಎಸ್. ರಾಜಶೇಖರ ರೆಡ್ಡಿ ಅವರ ಸರ್ಕಾರ ದೊಡ್ಡ ಪ್ರಮಾಣದ ತೆರವು ನಡೆಸಿತು. ‘ಆಪರೇಷನ್ ಕೊಲ್ಲೇರು’ ಎಂದು ಪ್ರಸಿದ್ಧವಾದ ಆ ಕಾರ್ಯಾಚರಣೆಯಲ್ಲಿ ಯಂತ್ರಗಳಿಂದಲೂ, ಅವು ಹೋಗಲಾಗದ ಕಡೆ ಸಿಡಿಮದ್ದಿನಿಂದಲೂ ಏರಿಗಳನ್ನು ಒಡೆಯಲಾಯಿತು. ಸಾವಿರಕ್ಕೂ ಹೆಚ್ಚು ಕೊಳಗಳು, 40 ಸಾವಿರ ಎಕರೆಗೂ ಮೀರಿದ ಪ್ರದೇಶ ತೆರವಾಯಿತು.

ದೇಶದಲ್ಲಿ ಜೌಗು ಪ್ರದೇಶಕ್ಕಾಗಿ ಇಷ್ಟು ದೊಡ್ಡ ತೆರವು ನಡೆದದ್ದು ಅಪರೂಪ. ಮರುವರ್ಷಗಳಲ್ಲಿ ತೆರೆದ ನೀರು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಆದರೆ ಕೆಲಸದ ಕ್ರಮ ತಲೆಕೆಳಗಾಗಿತ್ತು. ಜಿರಾಯತಿ ಜಮೀನಿನ ಹಕ್ಕು ಇತ್ಯರ್ಥವಾಗುವ ಮೊದಲೇ, ಸಂಘದ ಸದಸ್ಯರ ಬದುಕಿಗೆ ಬೇರೆ ದಾರಿ ಸಿದ್ಧವಾಗುವ ಮೊದಲೇ ಏರಿ ಒಡೆದಿತ್ತು. ಪುನರ್ವಸತಿಯ ಮಾತುಗಳು ಕಾರ್ಯಾಚರಣೆಯ ಹಿಂದೆ ಹಿಂದೆ ಬಂದವು, ನಿಧಾನವಾಗಿ ಬಂದವು.

ಅಷ್ಟು ಕಷ್ಟಪಟ್ಟು ಒಡೆದ ಕೊಳಗಳು ಮತ್ತೆ ಎದ್ದದ್ದು ಹೇಗೆ?

ಒಡೆದದ್ದು ಏರಿಯ ಒಂದೆರಡು ಕಡೆ ಮಾತ್ರ. ಉಳಿದ ಉದ್ದದ ಮಣ್ಣು ಅಲ್ಲಿಯೇ ಬಿದ್ದಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಒಂದು ಯಂತ್ರ ತಂದು ಕಂಡಿ ಮುಚ್ಚಿದರೆ ಹಳೆಯ ಕೊಳ ಮತ್ತೆ ಸಿದ್ಧವಾಗುತ್ತಿತ್ತು. ಹೊಸ ಕೊಳ ತೋಡುವ ಖರ್ಚಿನ ಸಣ್ಣ ಪಾಲು ಇದಕ್ಕೆ ಸಾಕು.

ಇನ್ನೊಂದು ಕಾರಣ ಗುತ್ತಿಗೆ. ಸಂಘದ ಹೆಸರಿನ ಕೊಳಗಳನ್ನು ಬಹಳ ಕಡೆ ನಡೆಸುತ್ತಿದ್ದವರು ಹೊರಗಿನ ಬಂಡವಾಳದವರು. ಸದಸ್ಯರಿಗೆ ವರ್ಷಕ್ಕೊಮ್ಮೆ ಗುತ್ತಿಗೆಯ ಪಾಲು ಸಿಗುತ್ತಿತ್ತು, ತಮ್ಮದೇ ಹೆಸರಿನ ಕೊಳದಲ್ಲಿ ಅವರು ಕೂಲಿಗೆ ಹೋಗುತ್ತಿದ್ದರು. ಕೊಳ ಹೋದಾಗ ಸದಸ್ಯನ ಕೈಯಲ್ಲಿ ಏನೂ ಉಳಿಯಲಿಲ್ಲ. ಬಂಡವಾಳದವರ ಹಣ, ಮಾರುಕಟ್ಟೆಯ ಸಂಪರ್ಕ, ರಾಜಕೀಯದ ಒಡನಾಟ ಎಲ್ಲವೂ ಉಳಿದವು. ಮರುಗುತ್ತಿಗೆಯ ಮುಂಗಡ ಹಣ ಹಿಡಿದು ಮನೆ ಬಾಗಿಲಿಗೆ ಬಂದಾಗ, ಬೇರೆ ಆದಾಯವಿಲ್ಲದ ಕುಟುಂಬ ಅದನ್ನು ಬೇಡವೆನ್ನುವುದು ಹೇಗೆ?

ಹೀಗಾಗಿ ಅದೇ ಪ್ರಶ್ನೆ ಮತ್ತೆ ಸುಪ್ರೀಂ ಕೋರ್ಟ್‌ನ ಮುಂದೆ ಬಂದಿದೆ. ಗಡಿ ಗುರುತಿಸಿ ಒತ್ತುವರಿ ತೆರವು ಮಾಡಲು 2025ರ ಆರಂಭದಲ್ಲಿ ನ್ಯಾಯಾಲಯ ಸೂಚಿಸಿತು; ಅದೇ ವರ್ಷ ಉನ್ನತಾಧಿಕಾರ ಸಮಿತಿಯೂ ಕೊಲ್ಲೇರಿಗೆ ಬಂದು ರೈತರ ಅಹವಾಲು ಕೇಳಿತು.

ಅಜ್ಜನ ಕಾಲದಿಂದ ಪಟ್ಟಾ ಇರುವ ಜಮೀನನ್ನು ಸರ್ಕಾರ ಬಿಡು ಎಂದ ಕೂಡಲೇ ಬಿಡಬೇಕೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಇದಕ್ಕೆ ಕ್ರಮವನ್ನು ಹೇಳಿದೆ. ಅಭಯಾರಣ್ಯದ ಉದ್ದೇಶವನ್ನು ಪ್ರಕಟಿಸಿದ ಮೇಲೆ ಜಿಲ್ಲಾಧಿಕಾರಿ ಆ ಗಡಿಯೊಳಗಿನ ಹಕ್ಕುಗಳನ್ನು ವಿಚಾರಣೆ ಮಾಡಬೇಕು. 24ನೇ ಸೆಕ್ಷನ್ನಿನ ಪ್ರಕಾರ ಹಕ್ಕು ಸಾಬೀತಾದವರ ವಿಷಯದಲ್ಲಿ ಆ ಜಮೀನನ್ನು ಗಡಿಯಿಂದ ಹೊರಗಿಡಬಹುದು. ಸ್ವಾಧೀನಪಡಿಸಿಕೊಳ್ಳಬಹುದು ಅಥವಾ ಪರಿಹಾರ ಪಡೆದು ಹಕ್ಕನ್ನು ಬಿಟ್ಟುಕೊಡಲು ಒಡೆಯನೇ ಒಪ್ಪಂದ ಮಾಡಿಕೊಳ್ಳಬಹುದು. ಮುಖ್ಯ ವನ್ಯಜೀವಿ ಪರಿಪಾಲಕರೊಡನೆ ಸಮಾಲೋಚಿಸಿ ಹಕ್ಕನ್ನು ಮುಂದುವರಿಯಲು ಬಿಡಲೂಬಹುದು.

ಇವುಗಳಲ್ಲಿ ಒಪ್ಪಂದದ ಮೂಲಕ ಬಿಟ್ಟುಕೊಡುವುದು ಅತ್ಯಂತ ಕಡಿಮೆ ಬಳಕೆಯಾದ ದಾರಿ, ಹೆಚ್ಚು ಗಮನ ಕೊಡಬೇಕಾದ ದಾರಿಯೂ ಅದೇ. ಸ್ವಾಧೀನಕ್ಕೆ 2013ರ ಭೂಸ್ವಾಧೀನ ಕಾಯ್ದೆ ಅನ್ವಯಿಸಿದರೆ ಗ್ರಾಮೀಣ ಜಮೀನಿನ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಅಂಶದಿಂದ ಗುಣಿಸಿ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಮೊತ್ತ ಸೇರಿಸಬೇಕಾಗುತ್ತದೆ. ಸರ್ಕಾರಗಳು ಹಿಂಜರಿಯುವುದು ಈ ಲೆಕ್ಕಕ್ಕೆ. ಹಣ ಕೊಡಲು ಮನಸ್ಸಿಲ್ಲದೆ, ಗಡಿ ಬದಲಿಸಲು ಅಧಿಕಾರವೂ ಇಲ್ಲದೆ, ವಿಷಯವನ್ನು ಹಾಗೆಯೇ ಬಿಟ್ಟದ್ದರಿಂದ ಪಟ್ಟಾದಾರ ಎರಡೂ ಕಡೆಯಿಂದ ಕಟ್ಟಿಹಾಕಲ್ಪಟ್ಟಿದ್ದಾನೆ: ಜಮೀನು ಅವನದೇ, ಆದರೆ ಅದರಲ್ಲಿ ಕೊಳ ಮಾಡುವಂತಿಲ್ಲ, ಅದನ್ನು ಒಳ್ಳೆಯ ಬೆಲೆಗೆ ಕೊಳ್ಳುವವರೂ ಇಲ್ಲ.

ರಾಜ್ಯ ಸರ್ಕಾರವೇ ಅಭಯಾರಣ್ಯದ ಗಡಿ ಕಡಿಮೆ ಮಾಡಿಬಿಟ್ಟರೆ ಆಗದೇ?

ಆಗದು. ಅಂತಿಮವಾಗಿ ಘೋಷಿತವಾದ ಅಭಯಾರಣ್ಯದ ಗಡಿಯನ್ನು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಇಲ್ಲದೆ ಬದಲಿಸುವಂತಿಲ್ಲ. 2000ದ ನವೆಂಬರ್‌ನ ಆದೇಶದ ಪ್ರಕಾರ ಸುಪ್ರೀಂ ಕೋರ್ಟ್‌ನ ಅನುಮತಿಯೂ ಬೇಕು.

ಕೊಳ ಬಿಟ್ಟ ಮೇಲೆ ಆ ನೆಲದಲ್ಲಿ ಏನೂ ಮಾಡುವಂತಿಲ್ಲವೇ?

ಸಾಂಪ್ರದಾಯಿಕ ಮೀನುಗಾರಿಕೆಗೂ, ನೀರು ಇಳಿದಾಗ ರಾಸಾಯನಿಕ ಬಳಸದೆ ಮಾಡುವ ಸಾಂಪ್ರದಾಯಿಕ ಬೇಸಾಯಕ್ಕೂ ಅಭಯಾರಣ್ಯದಲ್ಲಿ ಅವಕಾಶವಿದೆ. ನೀರಿನ ಹರಿವನ್ನು ತಡೆಯುವ ಅಥವಾ ತಿರುಗಿಸುವ ಯಾವ ಕೆಲಸವೂ ಪರವಾನಗಿ ಇಲ್ಲದೆ ಕೂಡದು. ಕಾಯ್ದೆಯ 29ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಆದ್ದರಿಂದ ಏರಿ ಹಾಕದ ಬೇಸಾಯ ಸಾಧ್ಯ, ಏರಿ ಹಾಕಿದ ಕೊಳ ಸಾಧ್ಯವಿಲ್ಲ.

## ಬಿಟ್ಟುಕೊಟ್ಟವರ ಬದುಕು

ಜಮೀನಿದ್ದವನಿಗೆ ಪರಿಹಾರ ಸಿಗಬಹುದು. ಕೂಲಿ ಮಾಡುತ್ತಿದ್ದವರ ಗತಿಯೇನು?

ಈ ಪ್ರಶ್ನೆ ಕೇಳಿದವರು ಸಮಸ್ಯೆಯ ತಿರುಳನ್ನೇ ಹಿಡಿದಿದ್ದಾರೆ. ಒಂದು ಕೊಳವನ್ನು ನಂಬಿ ತೌಡಿನ ಚೀಲ ಕಟ್ಟುವವರು, ರಾತ್ರಿ ಕಾವಲಿನವರು, ಬಲೆ ಎಳೆಯುವ ತಂಡದವರು, ಕ್ರೇಟಿಗೆ ಮೀನು ತುಂಬಿ ಮಂಜುಗಡ್ಡೆ ಹಾಕುವವರು, ಲಾರಿಗೆ ಏರಿಸುವವರು ಬದುಕುತ್ತಾರೆ. ಆಂಧ್ರದ ಈ ಮೀನು ಬಹುಪಾಲು ಹೋಗುವುದು ದೂರದ ಬಂಗಾಳ ಮತ್ತು ಈಶಾನ್ಯ ರಾಜ್ಯಗಳಿಗೆ. ಆದ್ದರಿಂದ ಕೊಳದ ದಂಡೆಯಲ್ಲಿ ಹಿಡಿಯುವ, ತುಂಬುವ, ಕಟ್ಟುವ ಕೆಲಸವೇ ದೊಡ್ಡದು. ಇವರಲ್ಲಿ ಯಾರ ಹೆಸರೂ ಪಹಣಿಯಲ್ಲಿ ಇರುವುದಿಲ್ಲ. ಎಕರೆ ಲೆಕ್ಕದ ಪರಿಹಾರ ಇವರ ಪಕ್ಕದಲ್ಲಿಯೇ ಹಾದುಹೋಗುತ್ತದೆ.

2013ರ ಕಾಯ್ದೆ ಜಮೀನಿನ ಒಡೆಯನ ಜೊತೆಗೆ, ಆ ಜಮೀನನ್ನೇ ಪ್ರಾಥಮಿಕ ಜೀವನಾಧಾರವಾಗಿ ಮಾಡಿಕೊಂಡು ಮೂರು ವರ್ಷಗಳಿಂದ ದುಡಿಯುತ್ತಿದ್ದ ಕೂಲಿ, ಗೇಣಿ ಕುಟುಂಬಗಳನ್ನೂ ಬಾಧಿತ ಕುಟುಂಬವೆಂದು ಪರಿಗಣಿಸುತ್ತದೆ. ಕೊಲ್ಲೇರಿನಲ್ಲಿ ಇದನ್ನು ಜಾರಿಗೆ ತರಬೇಕಾದರೆ ಏರಿ ಒಡೆಯುವ ಮೊದಲೇ ಮನೆ ಮನೆಯ ಸಮೀಕ್ಷೆ ಆಗಬೇಕು. ಒಡೆದ ಮೇಲೆ ಕೂಲಿಗಳು ಬೇರೆ ಊರಿಗೆ ಹೋಗಿರುತ್ತಾರೆ, ಸಮೀಕ್ಷೆಗೆ ಸಿಗುವುದೇ ಇಲ್ಲ.

ಇದರ ಜೊತೆಗೆ ಸರೋವರದಲ್ಲಿಯೇ ಕೆಲಸವಿದೆ. ಕಳೆ ತೆಗೆಯುವುದು, ಕಾಲುವೆ ತೆರವು ಮಾಡುವುದು, ಗಡಿ ಕಾಯುವುದು, ಹಕ್ಕಿ ನೋಡಲು ಬಂದವರನ್ನು ದೋಣಿಯಲ್ಲಿ ಕರೆದೊಯ್ಯುವುದು ಎಲ್ಲವೂ ವರ್ಷವಿಡೀ ಬೇಕಾಗುವ ಕೆಲಸಗಳು. ನೀರಿನ ಪರಿಚಯ ಇರುವವರಿಗೇ ಮೊದಲ ಆದ್ಯತೆಯಲ್ಲಿ ಇವು ಸಿಗಬೇಕು. ಆದರೆ ದೋಣಿ ವಿಹಾರದಿಂದಲೇ ಸಾವಿರಾರು ಕುಟುಂಬಗಳು ಬದುಕುತ್ತವೆ ಎಂದು ಆಸೆ ಹುಟ್ಟಿಸುವುದು ಪ್ರಾಮಾಣಿಕತೆಯಲ್ಲ. ಚಳಿಗಾಲದ ಕೆಲವು ತಿಂಗಳ ಆದಾಯ ಅದು.

ತೆರೆದ ಸರೋವರದಲ್ಲಿ ಮೀನು ಹಿಡಿದು ಈಗಿನ ಕಾಲದಲ್ಲಿ ಸಂಸಾರ ನಡೆಯುತ್ತದೆಯೇ?

ಕೊಳದಲ್ಲಿ ಎಕರೆಗೆ ಬರುವಷ್ಟು ಮೀನು ತೆರೆದ ನೀರಿನಲ್ಲಿ ಎಂದೂ ಬರುವುದಿಲ್ಲ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಕೊಳದಲ್ಲಿ ತೌಡು, ಮರಿ, ಔಷಧ, ಗುತ್ತಿಗೆಗೆ ಮೊದಲೇ ಹಣ ಸುರಿಯಬೇಕು. ಲಾಭ ಬಂಡವಾಳ ಹಾಕಿದವನಿಗೆ. ತೆರೆದ ನೀರಿನಲ್ಲಿ ದೋಣಿ ಮತ್ತು ಬಲೆ ಇದ್ದವನು ಹಿಡಿದದ್ದು ಅವನದೇ. ಸ್ಥಳೀಯ ಹಾವುಮೀನಿನಂಥ, ಜೀವಂತವಾಗಿ ಮಾರಾಟವಾಗುವ ಜಾತಿಗಳಿಗೆ ಸಾಕಿದ ರೋಹುವಿಗಿಂತ ಒಳ್ಳೆಯ ಬೆಲೆಯಿದೆ. ಸಂಸಾರ ನಡೆಯಬೇಕಾದರೆ ನೀರು ಚೊಕ್ಕಟವಾಗಿರಬೇಕು, ಮೀನು ಹಿಡಿಯುವ ಹಕ್ಕು ಸ್ಥಳೀಯರಿಗೇ ಲಿಖಿತವಾಗಿ ಸಿಗಬೇಕು, ಸರೋವರ ಚೇತರಿಸಿಕೊಳ್ಳುವ ಮೊದಲ ಕೆಲವು ವರ್ಷಗಳಿಗೆ ತಿಂಗಳ ಭತ್ಯೆ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಜನ ಮತ್ತೆ ಗುತ್ತಿಗೆದಾರನ ಕಡೆಗೇ ನೋಡುತ್ತಾರೆ.

## ಹೋಲಿಕೆ ಮತ್ತು ಮುಂದಿನ ದಾರಿ

ಕೋಲ್ಕತ್ತದಲ್ಲಿ ಮೀನುಕೊಳಗಳೇ ಜೌಗು ಪ್ರದೇಶವನ್ನು ಕಾಪಾಡಿವೆ ಎನ್ನುತ್ತಾರೆ. ಕೊಲ್ಲೇರಿಗೆ ಮಾತ್ರ ಬೇರೆ ನ್ಯಾಯವೇ?

ಎರಡೂ 2002ರಲ್ಲಿ ಒಟ್ಟಿಗೇ ರಾಮ್ಸಾರ್ ಪಟ್ಟಿಗೆ ಸೇರಿದವು, ಆದರೆ ಎರಡೂ ಮಾಡುವ ಕೆಲಸ ಬೇರೆ. ಪೂರ್ವ ಕೋಲ್ಕತ್ತದ 12,500 ಹೆಕ್ಟೇರ್ ಜೌಗು ಪ್ರದೇಶದಲ್ಲಿ ನಗರದ ಕೊಳಚೆ ನೀರು ಭೇರಿ ಎಂಬ ಆಳವಿಲ್ಲದ ಕೊಳಗಳಿಗೆ ಹರಿಯುತ್ತದೆ. ಬಿಸಿಲು ಮತ್ತು ಪಾಚಿ ಅದನ್ನು ಶುದ್ಧಗೊಳಿಸುತ್ತವೆ, ಪಾಚಿ ಮೀನಿಗೆ ಆಹಾರವಾಗುತ್ತದೆ. ಅಲ್ಲಿ ಕೊಳಗಳು ಹೋದರೆ ಬರುವುದು ಕಟ್ಟಡಗಳು. ಪರಿಸರ ತಜ್ಞ ಧ್ರುವಜ್ಯೋತಿ ಘೋಷ್ ಜೀವಮಾನವಿಡೀ ಹೋರಾಡಿದ್ದು ಈ ಅಪಾಯದ ವಿರುದ್ಧ. ಕೊಲ್ಲೇರಿನಲ್ಲಿ ಕೊಳಗಳು ಹೋದರೆ ಬರುವುದು ತೆರೆದ ನೀರು. ಕೋಲ್ಕತ್ತದ ಕೊಳ ಹೊರಗಿನ ಕೊಳೆಯನ್ನು ಒಳಗೆ ತೆಗೆದುಕೊಂಡು ಶುದ್ಧ ನೀರು ಬಿಡುತ್ತದೆ. ಕೊಲ್ಲೇರಿನ ಕೊಳ ಸರೋವರದ ನೀರನ್ನು ಒಳಗೆ ತೆಗೆದುಕೊಂಡು ಕೊಳೆ ಬಿಡುತ್ತದೆ. ಮೀನು ಸಾಕಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು. ಅದು ಎಲ್ಲಿ, ಯಾವ ನೀರಿನ ದಾರಿಯಲ್ಲಿ ಕೂತಿದೆ ಎಂದು ನೋಡಬೇಕು.

ಬೇರೆ ದೇಶಗಳಲ್ಲಿ ಮೀನು ಸಾಕುವವರ ಜಮೀನನ್ನು ಹೀಗೆ ತೆಗೆದುಕೊಂಡಿದ್ದಾರೆಯೇ?

ಹಾಂಗ್‌ಕಾಂಗ್‌ನ ವಾಯವ್ಯ ಭಾಗದಲ್ಲಿ ಈಗ ಇಂಥದ್ದೇ ಸಂದರ್ಭವಿದೆ. ಡೀಪ್ ಬೇ ದಂಡೆಯ ಮಾಯ್ ಪೋ ಜೌಗು ಪ್ರದೇಶ 1995ರಿಂದ ರಾಮ್ಸಾರ್ ತಾಣ. ಸುತ್ತಲಿನ ಮೀನುಕೊಳಗಳು ಕಪ್ಪು ಮುಖದ ಚಮಚಕೊಕ್ಕಿನಂಥ ಚಳಿಗಾಲದ ಅತಿಥಿ ಹಕ್ಕಿಗಳಿಗೆ ಆಹಾರದ ಬಟ್ಟಲು. ಅಲ್ಲಿ 2012ರಿಂದ ಪಕ್ಷಿವೀಕ್ಷಕರ ಸಂಘವೊಂದು ರೈತರೊಡನೆ ಒಪ್ಪಂದ ಮಾಡಿಕೊಂಡು ಬಂದಿದೆ: ಮೀನು ಹಿಡಿದ ನಂತರ ಕೊಳದ ನೀರನ್ನು ತಗ್ಗಿಸಿ, ಮಾರುಕಟ್ಟೆಗೆ ಬಾರದ ಸಣ್ಣ ಮೀನುಗಳನ್ನು ಕೆಲವು ದಿನ ಹಕ್ಕಿಗಳಿಗೆ ಬಿಡುವುದು, ಅದಕ್ಕೆ ರೈತನಿಗೆ ಹಣ ಕೊಡುವುದು. ಈಗ ಸರ್ಕಾರ ಅದೇ ಪ್ರದೇಶದ ಸಾಮ್ ಪೋ ಶೂ ಎಂಬಲ್ಲಿ ಸುಮಾರು 338 ಹೆಕ್ಟೇರಿನ ಜೌಗು ಸಂರಕ್ಷಣಾ ಉದ್ಯಾನವನ್ನು ಯೋಜಿಸಿದೆ. ಅದಕ್ಕಾಗಿ ಕೊಳಗಳ ನೆಲವನ್ನು ಸರ್ಕಾರ ವಶಕ್ಕೆ ಪಡೆಯಬೇಕಾಗಿದ್ದು, ಉದ್ಯಾನದೊಳಗೇ ಮೀನು ಸಾಕಣೆಗೂ ಜಾಗ ಇಡುವ ಉದ್ದೇಶ ಹೊಂದಿದೆ. ತಲೆಮಾರುಗಳಿಂದ ಕೊಳ ನಡೆಸಿದವರು ಅಲ್ಲಿಯೂ ಬಹಳ ಕಡೆ ನೆಲದ ಒಡೆಯರಲ್ಲ. ಪರಿಹಾರ ಭೂಮಾಲೀಕನಿಗೆ ಹೋಗಿ ಕೆಲಸ ಗೊತ್ತಿರುವವನು ಹೊರಗುಳಿಯುವ ಭಯ ಎರಡೂ ಕಡೆ ಒಂದೇ.

ಕರ್ನಾಟಕದವರು ಇದನ್ನು ತಿಳಿದು ಏನು ಮಾಡಬೇಕು?

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಗೂಡು ಕಟ್ಟುವುದೂ ಕೊಲ್ಲೇರಿನದೇ ಜಾತಿಯ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಅಲ್ಲಿ ಹುಣಸೆ ಮರದ ಫಸಲು ಕಳೆದುಕೊಳ್ಳುವ ರೈತನಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಜಮೀನಿನ ಒಡೆತನ ರೈತನಲ್ಲೇ ಉಳಿದು, ಹಕ್ಕಿಗೂ ಜಾಗ ಸಿಕ್ಕ ಮಾದರಿ ಅದು.

ಇನ್ನೂ ಹತ್ತಿರದ ಹೋಲಿಕೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆ. ಕುಮಟಾ ಭಾಗದ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ, ಉಳಿದ ಕಾಲಕ್ಕೆ ಭರತದೊಂದಿಗೆ ಒಳಬರುವ ಮೀನು, ಸಿಗಡಿ ಎಂಬ ಪದ್ಧತಿಯಿತ್ತು. ಸಿಗಡಿ ಗುತ್ತಿಗೆಯ ಹಣ ಬಂದ ಮೇಲೆ ಬಹಳ ಗಜನಿಗಳಲ್ಲಿ ಭತ್ತ ನಿಂತಿತು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದಾಗ ಸಿಗಡಿಯೂ ಕೈಕೊಟ್ಟಿತು. ಅಲ್ಲಿ ಯಾವುದೇ ಸಂರಕ್ಷಣಾ ಯೋಜನೆ ಬರುವ ಮೊದಲು ಗಜನಿಯ ಹಿಡುವಳಿದಾರ ಯಾರು, ಗುತ್ತಿಗೆದಾರ ಯಾರು, ಬಳಚು ಆಯುವ ಹೆಂಗಸರು ಯಾರು ಎಂಬ ಪಟ್ಟಿ ಸಿದ್ಧವಾಗಿರಬೇಕು. ಕೊಲ್ಲೇರಿನಲ್ಲಿ ಆಗದೇ ಹೋದದ್ದು ಅದೇ.

ಬಿಟ್ಟುಕೊಟ್ಟ ಕೊಳವನ್ನು ಮತ್ತೆ ಸರೋವರ ಮಾಡುವುದು ಹೇಗೆ? ಏರಿ ಒಡೆದರೆ ಸಾಕೇ?

ಸಾಲದು. ಏರಿಯ ಮಣ್ಣನ್ನು ಅದು ಬಂದ ಹೊಂಡಕ್ಕೇ ತುಂಬಿ ನೆಲವನ್ನು ಸುತ್ತಲಿನ ಮಟ್ಟಕ್ಕೆ ತರಬೇಕು. ಆಗ ಮಾತ್ರ ನೀರು ಹಾಸಾಗಿ ಹರಡುತ್ತದೆ, ಕಂಡಿ ಮುಚ್ಚಿ ಮತ್ತೆ ಕೊಳ ಮಾಡಲು ಮಣ್ಣೂ ಸಿಗುವುದಿಲ್ಲ. ಎಲ್ಲ ಏರಿಯನ್ನೂ ಅಳಿಸಬೇಕಾಗಿಲ್ಲ. ಹರಿವಿಗೆ ಅಡ್ಡಬರದ ಕಡೆ ತುಂಡು ದಿಬ್ಬಗಳನ್ನು ಬಿಟ್ಟು ಮರ ಬೆಳೆಸಿದರೆ ಮುಂದೆ ಹೆಜ್ಜಾರ್ಲೆಗೆ ಗೂಡಿನ ಜಾಗವಾಗುತ್ತದೆ.

ಕೊಳದ ತಳದಲ್ಲಿ ವರ್ಷಗಟ್ಟಲೆ ಸೇರಿದ ಗೊಬ್ಬರದ ಕೆಸರು ಇರುತ್ತದೆ. ಅದನ್ನು ಹಾಗೆಯೇ ತೆರೆದುಬಿಟ್ಟರೆ ಮೊದಲ ಮಳೆಗೇ ಸುತ್ತಲಿನ ನೀರಿನಲ್ಲಿ ಕಳೆ ಉಕ್ಕುತ್ತದೆ. ಒಂದು ಬೇಸಿಗೆ ತಳವನ್ನು ಒಣಗಲು ಬಿಟ್ಟು, ಮೇಲಿನ ಕೆಸರನ್ನು ಕೆರೆದು ಹೊರಗಿನ ಗದ್ದೆಗಳಿಗೆ ಗೊಬ್ಬರವಾಗಿ ಸಾಗಿಸುವುದು ಒಳ್ಳೆಯದು. ಅಂಚಿನಿಂದ ಒಳಕ್ಕೆ ಒಂದೊಂದೇ ಕೊಳ ತೆರೆಯುವುದಕ್ಕಿಂತ, ಹಳ್ಳದ ಬಾಯಿಯಿಂದ ಉಪ್ಪುಟೇರಿನವರೆಗಿನ ನೀರಿನ ದಾರಿಯಲ್ಲಿರುವ ಕೊಳಗಳನ್ನು ಮೊದಲು ತೆರೆದರೆ ಕಡಿಮೆ ಜಮೀನಿನಿಂದ ಹೆಚ್ಚು ಫಲ ಸಿಗುತ್ತದೆ. ಪರಿಹಾರದ ಹಣ ಒಮ್ಮೆಗೇ ಇಲ್ಲ ಎನ್ನುವ ಸರ್ಕಾರಕ್ಕೆ ಆದ್ಯತೆಯ ಪಟ್ಟಿಯೂ ಇದರಿಂದಲೇ ಸಿಗುತ್ತದೆ.

ಸಮುದ್ರದ ಉಪ್ಪುನೀರು ಕೊಲ್ಲೇರಿಗೆ ಬರುತ್ತಿದೆಯಂತೆ. ಕೊಳ ತೆಗೆದರೆ ಅದೂ ನಿಲ್ಲುತ್ತದೆಯೇ?

ಪೂರ್ತಿ ನಿಲ್ಲುವುದಿಲ್ಲ. ಸರೋವರದಲ್ಲಿ ಸಿಹಿನೀರಿನ ಮಟ್ಟ ಸಾಕಷ್ಟಿದ್ದಾಗ ಉಪ್ಪುಟೇರಿನಲ್ಲಿ ಹರಿವು ಸಮುದ್ರದ ಕಡೆಗಿರುತ್ತದೆ. ಬೇಸಿಗೆಯಲ್ಲಿ ಮಟ್ಟ ಕುಸಿದಾಗ ಭರತದ ನೀರು ಅದೇ ದಾರಿಯಲ್ಲಿ ಹಿಮ್ಮುಖವಾಗಿ ಏರುತ್ತದೆ. ಕೊಳಗಳು ಸರೋವರದ ನೀರನ್ನು ಪಂಪಿನಿಂದ ಎತ್ತಿಕೊಳ್ಳುವುದು ಮಟ್ಟ ಕುಸಿಯಲು ಒಂದು ಕಾರಣ. ಆ ಭಾಗ ಕೊಳ ತೆಗೆದರೆ ಸರಿಹೋಗುತ್ತದೆ. ಮೇಲಿನ ಹಳ್ಳಗಳಿಂದ ಬರುವ ನೀರೇ ಕಡಿಮೆಯಾಗಿರುವುದು ಇನ್ನೊಂದು ಕಾರಣ. ಅದಕ್ಕೆ ಕೃಷ್ಣಾ, ಗೋದಾವರಿ ಕಾಲುವೆಗಳಿಂದ ಬೇಸಿಗೆಯಲ್ಲಿ ಸರೋವರಕ್ಕೆಂದೇ ನೀರು ಬಿಡಬೇಕಾಗುತ್ತದೆ. ಉಪ್ಪುಟೇರಿಗೆ ಅಡ್ಡಲಾಗಿ ರೆಗ್ಯುಲೇಟರ್ ಕಟ್ಟುವ ಪ್ರಸ್ತಾಪ ಬಹಳ ಕಾಲದಿಂದ ಇದೆ. ಅದರ ಬಾಗಿಲು ಮಳೆಗಾಲದಲ್ಲಿ ಪ್ರವಾಹಕ್ಕೆ ಅಡ್ಡವಾಗದಂತೆ, ಸಮುದ್ರದಿಂದ ಒಳಬರುವ ಮೀನುಗಳ ದಾರಿ ಮುಚ್ಚದಂತೆ ನಡೆಸಬೇಕು. ಬಾಗಿಲನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದನ್ನು ತೀರ್ಮಾನಿಸುವ ಸಮಿತಿಯಲ್ಲಿ ಕೊಳ ಬಿಟ್ಟುಕೊಟ್ಟ ಹಳ್ಳಿಗಳ ಮೀನುಗಾರರಿಗೆ ಸ್ಥಾನ ಇರಬೇಕು. ಆ ನೀರಿನ ಮಟ್ಟ ಒಂದು ಗೇಣು ಏರಿಳಿದರೂ ಮೊದಲು ತಿಳಿಯುವುದು ಅವರಿಗೆ.